ಬಾಳೆಎಲೆಯನ್ನು ಸಲಾಡ್ ಎಂದು ಬರೆದುಕೊಂಡ ಆ್ಯಪ್ ಮಹಾಶಯರಿಗೆ

ಕಾಗಾಲ, ಕುಮಟಾ ತಾಲೂಕು

ಮಾನ್ಯ ‘ತೊಂಬತ್ತು ದಿನದಲ್ಲಿ ಉಕ್ಕಿನ ದೇಹ’ ಆ್ಯಪ್ ಅವರೇ,

ತಮಗೆ ಸಲ್ಲಬೇಕಾದ ವಂದನೆಗಳಿಗೂ ಮೊದಲು, ಈ ಹೊತ್ತು ನನ್ನ ಮನೆಯ ಜಗುಲಿಯ ತುಂಬ ಕುಳಿತು, ಒಳಗಿನಿಂದ ಚಹಾ ಬರುವುದನ್ನೂ ನನ್ನ ಕಣ್ಣಲ್ಲಿ ನೀರು ಬರುವುದನ್ನೂ ಏಕಕಾಲಕ್ಕೆ ಕಾಯುತ್ತಿರುವ ಬಂಧುಗಳಿಗೂ ನೆರೆಯವರಿಗೂ ಧನ್ಯವಾದ ಹೇಳುವುದು ನನ್ನ ಕರ್ತವ್ಯವಾಗಿದೆ. ನಿನ್ನೆ ಬೆಳಿಗ್ಗೆ ತಮ್ಮ ಕಾರ್ಯಕ್ರಮದ ಇಪ್ಪತ್ತನಾಲ್ಕನೆಯ ದಿನ, ಬರ್ಪಿ ಎಂಬ ಕಸರತ್ತಿನಲ್ಲಿ, ಅಂದರೆ ಕವುಚಿ ಮಲಗಿ, ಎದ್ದು, ಹಾರಿ, ಮತ್ತೆ ಕವುಚಿ ಮಲಗುವ ಆ ಅಪೂರ್ವ ಸಾಧನೆಯಲ್ಲಿ, ಒಂಬತ್ತನೆಯ ಸಲ ಮಲಗಿದವನು ಮೇಲೇಳದೆ ಹೋದಾಗ, ನನ್ನನ್ನು ಎತ್ತಿ ರಿಕ್ಷಾದಲ್ಲಿ ಕುಮಟಾದ ದವಾಖಾನೆಗೆ ಸಾಗಿಸಿದವರು ಇವರೇ. ಅವರ ತೋಳಿನ ಶ್ರಮಕ್ಕೆ ನಾನು ಋಣಿ. ಅವರ ಅನುಕಂಪವನ್ನು ಮಾತ್ರ ವಿನಯಪೂರ್ವಕವಾಗಿ ಹಿಂದಿರುಗಿಸುತ್ತಿದ್ದೇನೆ; ಏಕೆಂದರೆ ಅದು ವಿಳಾಸ ತಪ್ಪಿ ಬಂದಿದೆ. ನಾನು ಬಿದ್ದದ್ದು ಪುತ್ರಶೋಕದಿಂದಲ್ಲ, ಹಸಿವಿನಿಂದ. ಇದನ್ನು ಸಾಬೀತುಪಡಿಸಲೆಂದೇ ಈ ಬಹಿರಂಗ ಪತ್ರ. ಬರೆದು ಮುಗಿದೊಡನೆ ಇದನ್ನು ಜಗುಲಿಯಲ್ಲಿ ನಿಂತು ಗಟ್ಟಿಯಾಗಿ ಓದಲಿದ್ದೇನೆ. ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಯ ಢಾಲು ಗೆದ್ದವನಿಗೆ ಸಭಿಕರನ್ನು ಕಂಡ ಮೇಲೆ ಸುಮ್ಮನಿರುವುದು ಆರೋಗ್ಯಕ್ಕೆ ಒಳ್ಳೆಯದಲ್ಲ.

ತಮ್ಮ ದಾಖಲೆಯಲ್ಲಿ ನನ್ನ ಹೆಸರು ಭಾಸ್ಕರ, ವಯಸ್ಸು ಇಪ್ಪತ್ತೇಳು. ವಾಸ್ತವದಲ್ಲಿ ಭಾಸ್ಕರ ನನ್ನ ಮಗ. ಕುಮಟಾದಲ್ಲಿ ಅಲ್ಯೂಮಿನಿಯಂ ಕಿಟಕಿ ಕೂಡಿಸುವ ಕೆಲಸ ಮಾಡುತ್ತಿದ್ದವನು, ಕಳೆದ ಮಳೆಗಾಲದಲ್ಲಿ ಇಲಿಜ್ವರ ಬಂದು ನಾಲ್ಕೇ ದಿನದಲ್ಲಿ ಹೋದ. ತಾಯಿ ಅವನ ಆರನೆಯ ವಯಸ್ಸಿನಲ್ಲೇ ತೀರಿಕೊಂಡದ್ದರಿಂದ, ಅವನನ್ನು ಬೆಳೆಸಿದವರು ನಾನು ಮತ್ತು ನನ್ನ ತಂಗಿ ಕಮಲಿ. ತಮ್ಮನ್ನು ತನ್ನ ಮೊಬೈಲಿಗೆ ಬರಮಾಡಿಕೊಂಡ ದಿನವೇ ಅವನು ನನಗೆ, “ಅಪ್ಪಾ, ನೀನೂ ಮಾಡು ಮಾರಾಯ, ನಿನ್ನ ಮೈಯಲ್ಲಿ ವ್ಯಾಯಾಮ ಆಗೂದು ನಾಲ್ಗೆಗೆ ಒಂದೇ” ಎಂದಿದ್ದ. ಹದಿನೆಂಟು ದಿನ ಮಾಡಿದ. ಹತ್ತೊಂಬತ್ತನೆಯ ದಿನ ಜ್ವರ ಬಂತು.

ಆ ಬಳಿಕ ತಾವು ತೋರಿದ ಕರ್ತವ್ಯನಿಷ್ಠೆಯನ್ನು ಎಷ್ಟು ಹೊಗಳಿದರೂ ಸಾಲದು. ಇಡೀ ಊರು ‘ಅವನು ಇನ್ನಿಲ್ಲ’ ಎಂದು ಒಪ್ಪಿಕೊಂಡರೂ ತಾವೊಬ್ಬರು ಒಪ್ಪಲಿಲ್ಲ. ಮೂರನೆಯ ದಿನ, ‘ಭಾಸ್ಕರ, ನಿಮ್ಮ ದಾರಿ ಕಾಯುತ್ತಿದ್ದೇವೆ’ ಎಂದಿರಿ. ಹನ್ನೆರಡನೆಯ ದಿನದ ಊಟಕ್ಕೆ ಎಲೆ ಹಾಕುತ್ತಿದ್ದಾಗ, ‘ಭಾಸ್ಕರ, ನೆಪ ಸಾಕು, ಎದ್ದೇಳಿ!’ ಎಂದು ಎಲ್ಲರೆದುರು ಟಿಣ್ ಎಂದಿರಿ. ಪುರೋಹಿತರ ಮಂತ್ರ ನಿಂತುಹೋಯಿತು. ಐದು ತಿಂಗಳು ಈ ಗೈರುಹಾಜರಿಯ ಆಪಾದನೆಯನ್ನು ಕೇಳಿ ಕೇಳಿ, ಕೊನೆಗೆ ಒಂದು ಬೆಳಿಗ್ಗೆ ನನಗೆ ತಡೆಯಲಾಗಲಿಲ್ಲ. ತಂಡದಲ್ಲಿ ಒಬ್ಬ ಬಾರದಿದ್ದರೆ ಅವನ ಸರದಿಯನ್ನು ಇನ್ನೊಬ್ಬ ವಹಿಸಿಕೊಳ್ಳಬೇಕು. ಅದು ನಾನು ಬಲ್ಲ ನಿಯಮ. ಕಾರ್ಯಕ್ರಮವನ್ನು ಮತ್ತೆ ಒಂದನೆಯ ದಿನಕ್ಕೆ ತಿರುಗಿಸಿ, ಲುಂಗಿ ಬಿಚ್ಚಿ ಅವನ ಚಡ್ಡಿ ತೊಟ್ಟು ಅಂಗಳಕ್ಕಿಳಿದೆ. ಐವತ್ತೊಂಬತ್ತರ ನನ್ನನ್ನು ತಾವು ‘ಶಹಬ್ಬಾಸ್ ಭಾಸ್ಕರ!’ ಎಂದು ಸ್ವಾಗತಿಸಿದಿರಿ. ಕಮಲಿ ಬಾಗಿಲಲ್ಲಿ ನಿಂತು, “ಅಣ್ಣಾ, ಎಂತ ಆತು ನಿಂಗೆ?” ಎಂದಳು.

ಇನ್ನು ಮುಖ್ಯ ದೂರಿಗೆ ಬರುತ್ತೇನೆ. ಇಂಥ ಘೋರ ಕಸರತ್ತಿಗೆ ಇಳಿದವನು ದಿನಕ್ಕೆ ಎರಡು ಸಾವಿರದ ಏಳುನೂರು ಕ್ಯಾಲೊರಿ ತಿನ್ನಲೇಬೇಕು, ಕಡಿಮೆಯಾದರೆ ದೇಹ ತನ್ನ ಮಾಂಸವನ್ನೇ ಉರುವಲು ಮಾಡಿಕೊಳ್ಳುತ್ತದೆ, ಆದ್ದರಿಂದ ಪ್ರತಿ ಊಟದ ಚಿತ್ರ ಕಳುಹಿಸಿ ಎಂದು ತಾವು ಆಜ್ಞಾಪಿಸಿದಿರಿ. ನಾನು ಕಳುಹಿಸಿದೆ. ತಾವು ಬಂಗಡೆ ಸಾರನ್ನು ಟೊಮೆಟೊ ಸೂಪ್ ಎಂದು ಗುರುತಿಸಿದಿರಿ, ಗಂಜಿಯನ್ನು ಓಟ್ಸ್ ಎಂದಿರಿ, ಅನ್ನದ ಕೆಳಗಿನ ಬಾಳೆಎಲೆಯನ್ನು ‘ಹಸಿರು ಸಲಾಡ್, ನಲವತ್ತು ಕ್ಯಾಲೊರಿ, ಉತ್ತಮ ಆಯ್ಕೆ’ ಎಂದು ಮೆಚ್ಚಿದಿರಿ. ಅದನ್ನು ಮೆಚ್ಚುವ ದನ ನಮ್ಮ ಕೊಟ್ಟಿಗೆಯಲ್ಲೂ ಒಂದಿತ್ತು, ಆದ್ದರಿಂದ ನನಗೆ ಆಶ್ಚರ್ಯವಾಗಲಿಲ್ಲ. ಪ್ರತಿ ಸಂಜೆ ತಾವು ಹಸಿರು ಬಣ್ಣದಲ್ಲಿ ‘ಗುರಿ ಪೂರ್ಣ’ ಎಂದು ಸಾರುತ್ತ ಹೋದಿರಿ. ಪ್ರತಿ ಬೆಳಿಗ್ಗೆ ನನ್ನ ಸೊಂಟದ ಉಡಿದಾರ ಒಂದು ಬೆರಳು ಕೆಳಗೆ ಜಾರುತ್ತ ಹೋಯಿತು. ಅರವತ್ತಾರು ಕಿಲೊ ಇದ್ದವನು ಅರವತ್ತೊಂದಕ್ಕೆ ಇಳಿದೆ. ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ. ತಮ್ಮ ಪ್ರಕಾರ ನಾನು ಉಕ್ಕಾಗುತ್ತಿದ್ದೆ.

ದವಾಖಾನೆಯಲ್ಲಿ ಡಾಕ್ಟರ್ ಅಂಕಿತಾ ಎಂಬ ಹುಡುಗಿ, ನನ್ನ ಮಗನ ವಯಸ್ಸಿನವಳೇ ಇರಬೇಕು, ನಾಡಿ ಹಿಡಿದು, “ಅಂಕಲ್, ಊಟ ಎಂತ ಮಾಡ್ತ್ರಿ?” ಎಂದಳು. ನಾನು ಪುರಾವೆ ಸಮೇತ ಮೊಬೈಲು ಮುಂದಿಟ್ಟು, ಇಪ್ಪತ್ತಮೂರು ದಿನ ಗುರಿ ತಪ್ಪಿಲ್ಲವೆಂದು ಐದು ನಿಮಿಷ ವಾದಿಸಿದೆ. ಅವಳು ಚಿತ್ರಗಳನ್ನು ಬೆರಳಿನಿಂದ ಒಂದೊಂದಾಗಿ ಸರಿಸಿ, ತಲೆಯೆತ್ತದೆ ಕೇಳಿದಳು: “ಎಲ್ಲ ಫೋಟೋದಲ್ಲೂ ಎರಡು ಎಲೆ ಉಂಟಲ್ಲ, ಇನ್ನೊಂದು ಯಾರದು?”

ಮಾನ್ಯರೇ, ನಲವತ್ತು ವರ್ಷಗಳಲ್ಲಿ ಮೊದಲ ಬಾರಿಗೆ ನಾನೇ ಮಂಡಿಸಿದ ಪುರಾವೆಯನ್ನು ಎದುರಾಳಿಯ ಕೈಯಿಂದ ಹಿಂದಕ್ಕೆ ತೆಗೆದುಕೊಂಡೆ.

ತಮಗೆ ನಮ್ಮ ಮನೆಯ ಕ್ರಮ ತಿಳಿಯದು, ಆದ್ದರಿಂದ ವಿವರಿಸುತ್ತೇನೆ. ಸತ್ತವನಿಗೆ ವರ್ಷ ತುಂಬುವವರೆಗೆ ಅವನ ಪಾಲು ಬಡಿಸದೆ ಮನೆಯವರು ತುತ್ತು ಎತ್ತುವಂತಿಲ್ಲ. ಬಡಿಸಿದ ಎಡೆಯನ್ನು ಬಾವಿಕಟ್ಟೆಯ ಮೇಲೆ ಕಾಗೆಗೆ ಇಡಬೇಕು. ಅದನ್ನು ಮನೆಯವರು ಮುಟ್ಟಬಾರದು. ಉಳಿದ ಮನೆಗಳಲ್ಲಿ ಒಂದು ಹಿಡಿ ಅನ್ನ ಇಡುತ್ತಾರೆ. ಭಾಸ್ಕರ ಒಂದು ಹಿಡಿ ತಿನ್ನುವವನಾಗಿರಲಿಲ್ಲ. ನನ್ನ ಎಲೆಗೆ ಎರಡು ಸೌಟು, ಅವನ ಎಲೆಗೆ ಐದು ಸೌಟು, ಎರಡು ಬಂಗಡೆ, ಒಂದು ಮೊಟ್ಟೆ. ಎರಡೂ ಎಲೆ ಅಕ್ಕಪಕ್ಕ ಹಾಕಿದ ಮೇಲೆಯೇ ನಾನು ಚಿತ್ರ ತೆಗೆಯುತ್ತಿದ್ದುದು. ಒಂದೇ ಎಲೆ ಕಾಣುವಂತೆ ಮೊಬೈಲನ್ನು ತುಸು ಸರಿಸಿ ಹಿಡಿಯುವುದು ಕಷ್ಟದ ವಿದ್ಯೆಯಲ್ಲ. ನನ್ನಿಂದ ಆಗಲಿಲ್ಲ, ಅಷ್ಟೇ. ತಾವು ಎರಡನ್ನೂ ಒಬ್ಬನ ಹೊಟ್ಟೆಗೆ ಕೂಡಿಸಿ, ಸಲಾಡ್ ಸಹಿತ, ಸಮಾಧಾನಪಟ್ಟುಕೊಂಡಿರಿ.

ಪರಿಣಾಮವಾಗಿ ತಮ್ಮ ಕಾರ್ಯಕ್ರಮದಿಂದ ನಿಜವಾಗಿಯೂ ಪುಷ್ಟಿ ಪಡೆದವರು ಒಬ್ಬರೇ, ಬಾವಿಕಟ್ಟೆಯ ಕಾಗೆ. ಒಂದೂ ಬರ್ಪಿ ಮಾಡದೆ ಅದು ಪಡೆದಿರುವ ಎದೆಯ ಅಗಲವನ್ನು ನೋಡಬೇಕು. ತೆಂಗಿನ ಮರಕ್ಕೆ ಹಾರುವುದನ್ನು ಅದು ಬಿಟ್ಟು ವಾರವಾಯಿತು. ಕಟ್ಟೆಯ ಮೇಲೆಯೇ ವಾಸ. ತಮ್ಮ ಜಾಹೀರಾತಿನಲ್ಲಿ ‘ಮೊದಲು’ ಮತ್ತು ‘ನಂತರ’ ಎಂಬ ಎರಡು ಚಿತ್ರಗಳ ಪೈಕಿ ‘ನಂತರ’ದ ಸ್ಥಾನಕ್ಕೆ ಈ ಪಕ್ಷಿಯನ್ನು ಪರಿಗಣಿಸಬೇಕೆಂದೂ, ಊಟದ ನಮೂನೆಯಲ್ಲಿ ಬೆಳಗಿನ ಉಪಾಹಾರ, ಮಧ್ಯಾಹ್ನದ ಊಟಗಳ ಕೆಳಗೆ ‘ಗತಿಸಿದವರ ಪಾಲು’ ಎಂಬ ಅಂಕಣ ತೆರೆಯಬೇಕೆಂದೂ, ಸಾಧ್ಯವಾದರೆ ಆ ಪಾಲು ತಲುಪಿತೇ ಎಂದು ಅತ್ತ ಕಡೆಯಿಂದ ಒಂದು ರಸೀದಿ ತರಿಸಿಕೊಡಬೇಕೆಂದೂ ಪ್ರಾರ್ಥನೆ.

ಜಗುಲಿಯ ಸಭೆಯ ಠರಾವು ಬೇರೆಯೇ ಇದೆ. ಪಕ್ಕದ ಮನೆಯ ನಾಗರಾಜನು, “ಡಿಲೀಟ್ ಹೊಡಿ ಮಾರಾಯ, ಈ ವಯಸ್ಸಿಗೆ ಕಪ್ಪೆ ಹಂಗೆ ಹಾರೂದು ಎಂತಕೆ?” ಎನ್ನುತ್ತಾನೆ. ಡಿಲೀಟ್ ಒತ್ತಿದರೆ ‘ಭಾಸ್ಕರನನ್ನು ಶಾಶ್ವತವಾಗಿ ಅಳಿಸಲೇ?’ ಎಂದು ತಾವು ಕೇಳುತ್ತೀರಿ. ಒಮ್ಮೆ ಕೇಳಿದ್ದೀರಿ. ಆ ಪ್ರಶ್ನೆಗೆ ‘ಹೌದು’ ಎನ್ನಲು ನನಗೆ ಬೆರಳಿಲ್ಲ. ಕಮಲಿಯಾದರೋ, ಕಸರತ್ತು ಬೇಕಾದರೆ ಇರಲಿ, ನನ್ನ ಪಾಲನ್ನು ನಿನಗೆ ಕೊಡುತ್ತೇನೆ, ಭಾಸ್ಕರನ ಎಡೆಗೆ ಮಾತ್ರ ಕೈ ಹಚ್ಚಬೇಡ ಎನ್ನುತ್ತಾಳೆ: “ಅವನ ಹಸಿವಿಗೆ ಎಂತ ಮಾಡೂದು ಅಣ್ಣಾ?”

ಅವಳಿಗೆ ನನ್ನ ಉತ್ತರವಿದು. ಅವನ ಹೆಸರಿನಲ್ಲಿ ಹಾಜರಿ ಹಾಕುತ್ತಿರುವವನು ನಾನು. ಅವನ ಚಡ್ಡಿಯಲ್ಲಿ ಹಾರುತ್ತಿರುವವನು, ಬೆವರುತ್ತಿರುವವನು, ಅವನಿಗಾಗಿ ಬರುವ ಬೈಗುಳವನ್ನೂ ಶಹಬ್ಬಾಸನ್ನೂ ಪಡೆಯುತ್ತಿರುವವನು ನಾನು. ಕೆಲಸ ಮಾಡುವವನು ಒಬ್ಬ, ಆ ಕೆಲಸದ ಅನ್ನ ತಿನ್ನುವುದು ಕಾಗೆ ಎಂಬ ನ್ಯಾಯ ಯಾವ ಸಭೆಯಲ್ಲೂ ನಿಲ್ಲದು. ಹಾಗಾಗಿ, ಯಾರನ್ನೂ ಕೇಳದೆ, ಪುರೋಹಿತರ ಒಪ್ಪಿಗೆಗೂ ಕಾಯದೆ, ನಾನು ತೀರ್ಮಾನಿಸಿದ್ದೇನೆ. ನಾಳೆ ಮಧ್ಯಾಹ್ನ ಎರಡೂ ಎಲೆ ಬಡಿಸಬೇಕು. ಮೊದಲು ನನ್ನದರ ಮುಂದೆ ಕೂರುತ್ತೇನೆ. ಅದು ಮುಗಿದ ಮೇಲೆ ಎದ್ದು, ಕೈ ತೊಳೆದು, ಅವನ ಎಲೆಯ ಮುಂದೆ ಕೂತು, ಅವನದನ್ನೂ ಉಣ್ಣುತ್ತೇನೆ. ಒಂದು ಅಗುಳೂ ಬಿಡುವುದಿಲ್ಲ.

ಇಷ್ಟನ್ನು ತಮ್ಮ ಅವಗಾಹನೆಗೆ ತಂದು, ಇನ್ನೂ ಅರವತ್ತಾರು ದಿನ ತಮ್ಮ ಆಜ್ಞೆಯಂತೆ ಮಲಗಿ ಏಳಲಿರುವ,

ತಮ್ಮ ವಿಶ್ವಾಸಿ,
ಗಣಪ ಶುಕ್ರ ಪಟಗಾರ
(ತಮ್ಮ ದಾಖಲೆಯ ಪ್ರಕಾರ: ಭಾಸ್ಕರ)

ತಾ.ಕ.: ಮೇಲಿನದನ್ನು ಜಗುಲಿಯಲ್ಲಿ ಓದಿ ಮುಗಿಸಿದ್ದಾಯಿತು. ಈ ತೀರ್ಮಾನ ಬದಲಾಗುವವರೆಗೆ ತಾನು ಅನ್ನ ಮುಟ್ಟುವುದಿಲ್ಲವೆಂದು ಕಮಲಿ ಈಗಷ್ಟೇ ಒಳಗಿನಿಂದ ಕೂಗಿ ಹೇಳಿದ್ದಾಳೆ. ಅವಳು ಹಟ ಬಿಡದಿದ್ದಲ್ಲಿ ಅವಳ ಪಾಲಿನ ಮೂರನೆಯ ಎಲೆಯನ್ನೂ ನಾನೇ ಖಾಲಿ ಮಾಡಲು ಸಿದ್ಧನಿದ್ದೇನೆ ಎಂಬುದನ್ನು ಇದೇ ಪತ್ರದ ಮೂಲಕ ಅವಳಿಗೆ ತಿಳಿಯಪಡಿಸಲಾಗಿದೆ.