ಮಾವನ ಫರ್ಸೇಕು

ನಮ್ಮ ಸೋದರಮಾವ ನಮ್ಮತ್ತೆಯನ್ನು ಆಗಾಗ ಕೈಬಿಡುತ್ತಿದ್ದರು, ಅದೂ ಲಿಖಿತವಾಗಿ! ಅತ್ತೆಗೆ ಇದು ಗೊತ್ತೇ ಇರಲಿಲ್ಲ. ನಿಜ ಹೇಳಬೇಕೆಂದರೆ ಮಾವನಿಗೂ ಗೊತ್ತಿರಲಿಲ್ಲ.

ಎಂಬತ್ತರ ದಶಕದ ಮದರಾಸು. ಮಾವ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತರು, ಮನೆ ತಾಂಬರಂನಲ್ಲಿ. ಒಂದು ದಿನ ಎಲೆಕ್ಟ್ರಿಕ್ ಟ್ರೈನಿನಲ್ಲಿ ಯಾರೋ ಬಿಟ್ಟುಹೋದ ಇಂಗ್ಲಿಷ್ ಪೇಪರಿನಲ್ಲಿ ‘ಫರ್ಸೇಕ್’ ಎಂಬ ಹಳೇ ಕಾಲದ ಪದ ಅವರ ಕಣ್ಣಿಗೆ ಬಿತ್ತು. ‘ಫಾರ್’ ಅಂದರೂ ಗೋಸ್ಕರ, ‘ಸೇಕ್’ ಅಂದರೂ ಗೋಸ್ಕರ, ಎರಡೂ ಸೇರಿದರೆ ಇನ್ನೂ ಗಟ್ಟಿಯಾದ ಗೋಸ್ಕರ ಎಂದು ತೀರ್ಮಾನಿಸಿದರು. ಡಿಕ್ಷನರಿ ನೋಡಬಹುದಿತ್ತಲ್ಲ ಎನ್ನುತ್ತೀರಾ? ಅದು ಇಂಗ್ಲಿಷ್ ಬಾರದವರಿಗಂತೆ.

ಅತ್ತೆಗೆ ಜ್ವರ ಬಂದಾಗ ರಜೆ ಅರ್ಜಿ ಬರೆದರು: ‘ಐ ಫರ್ಸೇಕ್ ಮೈ ವೈಫ್ ಫಾರ್ ಟೂ ಡೇಸ್.’ ತಮಿಳಿನವರಾದ ಮ್ಯಾನೇಜರು ಗಾಬರಿಯಾಗಿ, ಮನೆಯಲ್ಲಿ ಜಗಳವೇ ಎಂಬರ್ಥದಲ್ಲಿ, “ಎನ್ನ ಸಾರ್, ವೀಟ್ಲ ಸಂಡೆಯಾ?” ಎಂದರು.

“ಸಂಡೆ ಇಲ್ಲ ಸಾರ್, ಟ್ಯೂಸ್‌ಡೇ, ವೆಡ್ನೆಸ್‌ಡೇ,” ಎಂದರು ಮಾವ.

ಕಾಲೇಜಿಗೆಂದು ಅವರ ಮನೆಯಲ್ಲೇ ಇದ್ದ ನಾನು ಕೊನೆಗೂ ಬಾಯಿಬಿಟ್ಟೆ. “ಫರ್ಸೇಕ್ ಅಂದ್ರೆ ಕೈಬಿಡೋದು, ಮಾವ.”

“ಮತ್ತೆ ಗೋಸ್ಕರಕ್ಕೆ?”

“ಫಾರ್ ದಿ ಸೇಕ್ ಆಫ್.”

“ಎರಡೂ ಒಂದೇ ಅಲ್ವೇನೋ?”

ಅಲ್ಲಿಂದ ಮಾವನ ತಲೆ ಕಲಸುಮೇಲೋಗರ. ಟ್ರೈನು ತಪ್ಪಿದರೆ ಅದು ತಮ್ಮನ್ನು ಬಿಟ್ಟಿತೋ, ತಮಗೋಸ್ಕರ ಹೋಯಿತೋ ಎಂದು ಪ್ಲಾಟ್‌ಫಾರ್ಮಿನಲ್ಲೇ ನಿಂತು ಯೋಚಿಸುತ್ತಿದ್ದರು.

ಅಷ್ಟರಲ್ಲಿ ಪ್ರೊಮೋಷನ್ ಬಂತು, ಕಲ್ಕತ್ತೆಗೆ. ಮಾವ ಜೀವಮಾನವೆಲ್ಲ ಕಾದಿದ್ದ ಕುರ್ಚಿ. ಮೈಸೂರಿನ ಹುಡುಗಿಯಾಗಿ ಬಂದಿದ್ದ ಅತ್ತೆಯ ಮುಖ ಮಾತ್ರ ಬಾಡಿತು.

“ಹೂವಿನವಳ ಹತ್ರ ತಮಿಳಲ್ಲಿ ಚೌಕಾಸಿ ಮಾಡೋಕೆ ಬರೋ ಹೊತ್ತಿಗೆ ತಲೆ ನರೀತು. ಇನ್ನು ಬಂಗಾಳಿ ನನ್ ಕೈಲಾಗಲ್ಲ ಕಣ್ರೀ. ನೀವೊಬ್ರೇ ಹೋಗಿ ಬೇಕಾದ್ರೆ.”

ಮಾರನೆಯ ದಿನ ಮಾವ ಕಚೇರಿಯಲ್ಲಿ ಬರೆದುಕೊಟ್ಟರು: ‘ಐ ಫರ್ಸೇಕ್ ಮೈ ಪ್ರೊಮೋಷನ್ ಫಾರ್ ದಿ ಸೇಕ್ ಆಫ್ ಮೈ ವೈಫ್.’ ಮೊದಲ ಸಲ ಎರಡೂ ಸರಿ! ಆದರೆ ಹಳೆಯ ಅರ್ಜಿಗಳನ್ನೆಲ್ಲ ಓದಿ ಹಣ್ಣಾಗಿದ್ದ ಮ್ಯಾನೇಜರು ನಂಬಬೇಕಲ್ಲ? ಹೆಂಡತಿಗೋಸ್ಕರ ಪ್ರೊಮೋಷನ್ ಬಿಡುತ್ತೀರೋ, ಪ್ರೊಮೋಷನ್ನಿಗೋಸ್ಕರ ಹೆಂಡತಿಯನ್ನು ಬಿಡುತ್ತೀರೋ ಎಂದು ಕೇಳಿದರಂತೆ. ಮಾವನಿಗೂ ಅನುಮಾನ ಹತ್ತಿತು. ಸಂಜೆ ಬೂಟು ಕೂಡ ಬಿಚ್ಚದೆ, ಬರೆದದ್ದನ್ನು ನನಗೆ ಒಪ್ಪಿಸಿ ಕೇಳಿದರು, “ನಾನು ಬಿಟ್ಟಿದ್ದು ಯಾವುದನ್ನೋ?”

ಅಡುಗೆಮನೆ ಬಾಗಿಲಿಗೆ ಬಂದ ಅತ್ತೆಗೆ ಅಷ್ಟೇ ಕೇಳಿಸಿತು. “ನನ್ನನ್ನೇನ್ರೀ?” ಎಂದರು ಮೆಲ್ಲಗೆ.

ಮಾವ ತಬ್ಬಿಬ್ಬಾದರು. ಆಮೇಲೆ, ನಾನಿರುವುದನ್ನೂ ಮರೆತು, “ನಿನ್ನ ಬಿಡ್ತೀನೇನೇ? ಬೇಕಾದ್ರೆ ಇಂಗ್ಲಿಷನ್ನೇ ಬಿಡ್ತೀನಿ,” ಎಂದರು.

“ಅದನ್ನ ನೀವು ಹಿಡ್ಕೊಂಡಿದ್ದಾದ್ರೂ ಯಾವಾಗ?” ಎಂದ ಅತ್ತೆಯ ದನಿ ನಡುಗುತ್ತಿತ್ತು. ಮಾವ ಬರೆದದ್ದು ಸರಿಯಾಗಿಯೇ ಇದೆ, ಬಿಟ್ಟದ್ದು ಪ್ರೊಮೋಷನ್ನನ್ನೇ ಎಂದು ನಾನು ಇಬ್ಬರಿಗೂ ಬಿಡಿಸಿ ಹೇಳಿದೆ.