ಮೇಲ್ಮನೆ ಪೆಂಗ್ವಿನ್ನೂ ಕೆಳಮನೆ ಪಾಸ್‌ವರ್ಡೂ

ನಮ್ಮ ಮಹಡಿ ಮನೆಗೆ ಯಾರು ಬಾಡಿಗೆಗೆ ಬಂದರೂ ಆರು ತಿಂಗಳೊಳಗೆ ಒಂದು ರಂಪ ಆಗೇ ಆಗುತ್ತೆ. ಮನೆ ವಾಸ್ತು ಸರಿಯಿಲ್ಲ ಅಂತಾಳೆ ನನ್ನ ಸೊಸೆ. ವಾಸ್ತು ಸರಿಯಾಗೇ ಇದೆ, ಮೆಟ್ಟಿಲ ಬುಡದಲ್ಲಿ ನೀನು ಕೂತಿರೋದೇ ತೊಂದರೆ ಅಂತಿದ್ದರು ನಮ್ಮ ಯಜಮಾನರು, ಇದ್ದಷ್ಟು ದಿನ. ನಾನು ಓದಿದ್ದು ಮೂರನೇ ಕ್ಲಾಸು. ಆದರೆ ವಿಜಯನಗರದ ನಮ್ಮ ಅಡ್ಡರಸ್ತೆಯಲ್ಲಿ ಯಾರ ಮನೇಲಿ ಏನು ಬೇಯ್ತಿದೆ, ಏನು ಸೀದು ಹೋಗಿದೆ ಅಂತ ಹೇಳೋಕೆ ಅಷ್ಟು ಓದು ಬೇಕಾದಷ್ಟಾಯ್ತು. ಕದ್ದು ಕೇಳೋ ಅಭ್ಯಾಸ ನನಗಿಲ್ಲ. ಅವರ ಕಿಟಕಿ ನಮ್ಮ ತುಳಸಿಕಟ್ಟೆ ಮೇಲೇ ಬರುತ್ತೆ, ನಾನೇನು ಮಾಡಲಿ?

ಈಗ ಮೇಲಿರೋದು ಗಂಡ ಹೆಂಡತಿ ಇಬ್ಬರೇ. ಗಂಡ ರಾಜಾಜಿನಗರದ ಫ್ಯಾಕ್ಟರಿಯೊಂದರಲ್ಲಿ ಫಿಟ್ಟರಾಗಿದ್ದು ರಿಟೈರಾದವರು. ಹೆಂಡತಿ ಬಾಯಿಲ್ಲದವಳು. ಅಂದರೆ ನನ್ನ ಹತ್ತಿರ ಬಿಟ್ಟು ಬೇರೆಲ್ಲೂ ಬಾಯಿ ಬಿಡದವಳು.

೧. ಶನಿವಾರದ ಸೆಂಟು

ಫಿಟ್ಟರ ಹತ್ತಿರ ಒಂದು ಹಳೇ ಕಂಪ್ಯೂಟರ್ ಇತ್ತು. ಆನ್ ಮಾಡಿ ಸ್ನಾನ ಮುಗಿಸಿ ಬಂದರೂ ಇನ್ನೂ ಕಣ್ಣು ಬಿಡ್ತಾ ಇರೋದು. ಅದನ್ನ ನೋಡಿ ನಗೋಕೆ ಅಂತಲೇ ಮಲ್ಲತ್ತಹಳ್ಳಿಯಿಂದ ಬರ್ತಿದ್ದ ಅವರ ಹೆಂಡತಿಯ ತಮ್ಮ. ಅವನೋ, ಗೋಡೆಯಗಲದ ಹೊಸ ಕಂಪ್ಯೂಟರ್ ತಗೊಂಡವನು. "ಭಾವ, ಇದನ್ನ ಗುಜರಿಗೆ ಹಾಕಿ, ಬದಲಿಗೆ ಬಕೆಟ್ ಕೊಡ್ತಾರೆ" ಅಂತಿದ್ದ.

ಫಿಟ್ಟರಿಗೆ ರೋಷ ಬಂತು. ಎಲ್ಲರ ಕಂಪ್ಯೂಟರಲ್ಲಿ ಇರೋ ಮಾಮೂಲಿ ಸಾಫ್ಟ್‌ವೇರ್ ಕಿತ್ತು ಹಾಕಿ, ಲಿನಕ್ಸ್ ಅನ್ನೋದೊಂದನ್ನ ಹಾಕಿಸಿಕೊಂಡು ಬಂದರು. ಅದನ್ನ ಬಿಟ್ಟಿ ಕೊಡ್ತಾರಂತೆ, ಹಳೇ ಗಾಡಿನೂ ಓಡುತ್ತಂತೆ. ಬೇಕಾದಾಗ ನಾವೇ ಬಿಚ್ಚಿ ನೋಡಬಹುದಂತೆ. ಅದರ ಗುರುತು ಅಂತ ಡಬ್ಬದ ಮೇಲೆ ಪೆಂಗ್ವಿನ್ ಹಕ್ಕಿಯ ಚಿತ್ರ ಬೇರೆ ಅಂಟಿಸಿದರು.

ಅಲ್ಲಿಂದ ಶುರುವಾಯ್ತು ನೋಡಿ. ಪ್ರತಿ ಶನಿವಾರ ಮಧ್ಯಾಹ್ನ ಇಸ್ತ್ರಿ ಶರಟು, ಸೆಂಟು, ಕೈಯಲ್ಲಿ ಚೀಲ. ಎಲ್ಲಿಗೆ ಅಂದರೆ "ದೀಪಾಂಜಲಿ ನಗರ, ಸ್ವಲ್ಪ ಕೆಲಸ" ಅನ್ನೋರು. ಅರವತ್ತೆರಡು ವಯಸ್ಸಿನ ಗಂಡಸಿಗೆ ಸೆಂಟು ಹಾಕಿಕೊಂಡು ಹೋಗೋ ಕೆಲಸ ಯಾವುದು? ಅವರ ಹೆಂಡತಿಗೆ ಹೇಳಬಾರದು ಅಂತ ನಿರ್ಧಾರ ಮಾಡಿಕೊಂಡೇ ಮೆಟ್ಟಿಲು ಹತ್ತಿದೆ. ಕಾಫಿ ಇಳಿಸೋದರೊಳಗೆ ಹೇಳಿಬಿಟ್ಟಿದ್ದೆ.

ಮುಂದಿನ ಶನಿವಾರ ನಾವಿಬ್ಬರೂ ತಲೆ ತುಂಬ ಸೆರಗು ಹೊದ್ದು ಮೆಟ್ರೋ ಹತ್ತಿದೆವು. ಅವರು ಮುಂದಿನ ಡಬ್ಬಿ, ನಾವು ಹಿಂದಿನದು. ದೀಪಾಂಜಲಿ ನಗರದಲ್ಲಿ ಒಂದು ಹಿಟ್ಟಿನ ಗಿರಣಿ, ಅದರ ಮೇಲೊಂದು ಕೋಣೆ. ಬಾಗಿಲು ಸಂದಿಯಲ್ಲಿ ಇಣುಕಿದರೆ ಹತ್ತು ಜನ ಗಂಡಸರು. ಎಂಟು ಜನಕ್ಕೆ ಗಡ್ಡ, ಹತ್ತೂ ಜನಕ್ಕೆ ಇದೇ ಲಿನಕ್ಸ್ ಹುಚ್ಚು. ಎಲ್ಲರೂ ಕೈಕಟ್ಟಿ ಕಂಪ್ಯೂಟರಿನ ಕಪ್ಪು ಪರದೆ ನೋಡ್ತಾ ನಿಂತಿದಾರೆ. ಅದರ ಮೇಲೆ ಬಿಳೀ ಅಕ್ಷರ ಸುರಿಯೋ ಹಾಗೆ ಓಡ್ತಾ ಇದೆ. ಓಡಿ ಓಡಿ ನಿಂತಾಗ ನಮ್ಮ ಫಿಟ್ಟರು "ಆಹಾ!" ಅಂದರು. ಅಂಥ "ಆಹಾ" ಅವರ ಹೆಂಡತಿ ಮಾಡಿದ ಹೋಳಿಗೆಗೂ ಬಂದಿರಲಿಲ್ಲ. ಸೆಂಟು ಯಾಕೆ ಅಂದಿರಾ? ಹತ್ತು ಜನ ಒಂದೇ ಕೋಣೆ, ಫ್ಯಾನು ಒಂದು.

ವಾಪಸ್ ಬರ್ತಾ ಅವಳು ಮೆಟ್ರೋದಲ್ಲಿ ಕಣ್ಣೊರೆಸಿಕೊಂಡಳು. "ಯಾಕೇ ಅಳ್ತೀಯಾ, ಹೆಂಗಸು ಯಾರೂ ಇಲ್ಲವಲ್ಲೇ!" ಅಂದೆ.

"ಅದಕ್ಕೇ ದೊಡ್ಡಮ್ಮ. ಹೆಂಗಸಾಗಿದ್ರೆ ಜುಟ್ಟು ಹಿಡಿದು ಆಚೆಗೆ ಹಾಕ್ತಿದ್ದೆ. ಇದನ್ನ ಎಲ್ಲಿ ಹಿಡಿದು ಎಳೀಲಿ?"

೨. ವೈರಿನವನು

ಆಮೇಲೆ ಮನೆಗೆ ಬ್ರಾಡ್‌ಬ್ಯಾಂಡ್ ಬೇಕು ಅಂದರು. ವೈರಿನವನು ಬಂದ. ಕಂಬದಿಂದ ನಮ್ಮ ತುಳಸಿಕಟ್ಟೆ ಮೇಲೆ ಹಾಯಿಸಿ ಮಹಡಿಗೆ ವೈರ್ ಎಳೆದ, ಒಂದು ಬಿಳೀ ಡಬ್ಬ ಗೋಡೆಗೆ ಹೊಡೆದ, ದೀಪ ಮಿಣಮಿಣ ಅಂತು. ಅಲ್ಲಿಗೆ ಹೋಗಬೇಕಿತ್ತು. ಹೋಗಲಿಲ್ಲ. ಕಂಪ್ಯೂಟರ್ ಮುಂದೆ ಕೂತ.

"ಸಾರ್, ಎಡಗಡೆ ಕೆಳಗಿನ ಬಟನ್ ಎಲ್ಲಿ?"

"ಇದರಲ್ಲಿ ಮೇಲಿದೆ ಕಣಪ್ಪ."

"ಮೇಲೆ ಯಾಕಿದೆ ಸಾರ್?"

"ನಾನೇ ಮೇಲಿಟ್ಟಿದೀನಿ."

ಆ ಹುಡುಗನ ಮುಖ ನೋಡಬೇಕಿತ್ತು. ಆಫೀಸಿಗೆ ಫೋನ್ ಹಚ್ಚಿದ. ಆ ಕಡೆಯವನು ಚೀಟಿ ನೋಡಿಕೊಂಡು ಹೇಳ್ತಾನೆ, ಎಡಗಡೆ ಕೆಳಗಿನ ಬಟನ್ ಒತ್ತಿ. ಇವನು ಇಲ್ಲ ಅಂತಾನೆ. ಹಾಗಾದರೆ ಆಫ್ ಮಾಡಿ ಆನ್ ಮಾಡಿ ಅಂತಾನೆ ಅವನು. ಮೂರು ಸಲ ಆಫಾಯ್ತು, ಮೂರು ಸಲ ಆನಾಯ್ತು. ಕೊನೆಗೆ ಆಫೀಸಿನವನಿಗೆ ಆ ಬಿಳೀ ಡಬ್ಬದ ವೈಫೈ ಪಾಸ್‌ವರ್ಡ್ ಬೇಕಾಯ್ತು. ಫಿಟ್ಟರು ತಮ್ಮ ಮದುವೆ ದಿನವನ್ನೇ ಪಾಸ್‌ವರ್ಡ್ ಮಾಡಿದ್ದರು. ಹುಡುಗ ಎಂಟಂಕಿಯನ್ನೂ ಒಂದೊಂದಾಗಿ ಎರಡೆರಡು ಸಲ ಕೂಗಿದ. ಕೆಳಗೆ ತುಳಸಿಕಟ್ಟೆ ಹತ್ತಿರ ಕೂತಿದ್ದ ನನಗೆ ಕೇಳಲಿ ಅಂತೇನೂ ಕೂಗಲಿಲ್ಲ ಪಾಪ. ಅಂಕಿ ಬರೆದುಕೊಳ್ಳೋಕೆ ಮೂರನೇ ಕ್ಲಾಸು ಸಾಕು.

ಒಂದು ಗಂಟೆ ಆದ ಮೇಲೆ ಹುಡುಗ ಕೈ ಎತ್ತಿದ. "ಸಾರ್, ನಿಮ್ಮ ಈ ಲಿನಕ್ಸಿಗೆ ನಮ್ಮ ನೆಟ್ ಬರಲ್ಲ ಸಾರ್. ಬರೆದುಕೊಡ್ತೀನಿ ಬೇಕಾದ್ರೆ."

ಫಿಟ್ಟರು ವೈರ್ ತಗೊಂಡು ಕಂಪ್ಯೂಟರ್ ಹಿಂದೆ ಸಿಕ್ಕಿಸಿದರು. ಬಂತು. ಅಷ್ಟು ಹೊತ್ತೂ ಆ ವೈರನ್ನ ಯಾರೂ ಸಿಕ್ಕಿಸೇ ಇರಲಿಲ್ಲ.

ನೆಟ್ ಬಂದು ಆಗಲೇ ಅರ್ಧ ಗಂಟೆ ಆಯ್ತು ಕಣಪ್ಪ, ಕೆಳಗೆ ನನ್ನ ಫೋನಿನಲ್ಲಿ ಸೀರಿಯಲ್ ಮುಗಿಯೋಕೆ ಬಂತು ಅಂತ ಕೂಗಿ ಹೇಳಬೇಕು ಅನ್ನಿಸಿತು. ತುಟಿ ಕಚ್ಚಿ ಕೂತೆ. ನನ್ನ ಜನ್ಮದಲ್ಲಿ ಗೊತ್ತಿದ್ದೂ ಸುಮ್ಮನಿದ್ದದ್ದು ಅದೇ ಮೊದಲು.

೩. ಆಯುಧ ಪೂಜೆ

ಆಯುಧ ಪೂಜೆ ದಿನ ಫಿಟ್ಟರ ಹೆಂಡತಿ ಕುಡುಗೋಲು, ಈಳಿಗೆ, ಮಿಕ್ಸಿ ಎಲ್ಲಾ ತೊಳೆದಿಟ್ಟಳು. ಕಂಪ್ಯೂಟರನ್ನೂ ವೈರ್ ಬಿಡಿಸಿ ಒದ್ದೆ ಬಟ್ಟೇಲಿ ಒರೆಸಿ, ಹಿಂದೆ ಮುಂದೆ ಅರಿಶಿನ ಕುಂಕುಮ ಬಳಿದು, ಚೆಂಡು ಹೂವು ಮುಡಿಸಿ, ಮತ್ತೆ ವೈರ್ ಸಿಕ್ಕಿಸಿದಳು. ಪೆಂಗ್ವಿನ್ ಹಣೆಗೂ ಒಂದು ಬೊಟ್ಟು. ನೋಡೋಕೆ ಮದುವಣಗಿತ್ತಿ ಥರ ಇತ್ತು.

ಪೂಜೆ ಮಾಡಿದ ಆಯುಧ ಮಾರನೇ ದಿನದ ತನಕ ಮುಟ್ಟೋ ಹಾಗಿಲ್ಲ. ವಿಜಯದಶಮಿ ದಿನ ಮುಟ್ಟಿದರೆ ನೆಟ್ ಇಲ್ಲ.

ಅವಳ ತಮ್ಮನೂ ಹಬ್ಬದ ಊಟಕ್ಕೆ ಬಂದಿದ್ದ. "ನಾನು ಹೇಳ್ಲಿಲ್ವಾ ಭಾವ? ಬಿಟ್ಟಿ ಸಿಕ್ಕಿದ್ದರ ಹಣೆಬರಹ ಇಷ್ಟೇ" ಅಂತ ಎರಡನೇ ಒಬ್ಬಟ್ಟು ಹಾಕಿಸಿಕೊಂಡ.

ಹೋದ ವಾರ ಹಾಕಿದ ಅಪ್‌ಡೇಟೇ ಕೆಟ್ಟಿದೆ ಅಂತ ಫಿಟ್ಟರಿಗೆ ಅನುಮಾನ. ಎರಡು ದಿನ ಊಟ ಬಿಟ್ಟು, ಹಾಕಿದ ಅಪ್‌ಡೇಟನ್ನೆಲ್ಲ ಒಂದೊಂದಾಗಿ ಕಳಚಿದರು. ಗಂಡ ಹೆಂಡತಿ ಇಬ್ಬರದೂ ಬಟನ್ ಫೋನು, ಬೇರೆ ಥರ ಪರೀಕ್ಷೆ ಮಾಡೋ ಹಾಗೂ ಇಲ್ಲ. ಕೆಳಗೆ ನನ್ನ ಫೋನಿನಲ್ಲಿ ಮಾತ್ರ ಅವರ ನೆಟ್ಟು ಹೊಳೆ ಥರ ಹರೀತಿತ್ತು. ಗೊತ್ತಿದ್ದೂ ಸುಮ್ಮನಿದ್ದದ್ದು ಎರಡನೇ ಸಲ.

ಮೂರನೇ ದಿನ ಅದೇ ವೈರಿನವನು ಬಂದ. ಕಂಪ್ಯೂಟರ್ ಹಿಂದಿನ ವೈರ್ ಕಿತ್ತು, ತೂತಿನೊಳಗೆ ಟಾರ್ಚ್ ಬಿಟ್ಟು, ಕೂದಲು ಪಿನ್ನು ಕೇಳಿ ಈಸಿಕೊಂಡು, ಕೆದಕಿ ಕೆದಕಿ ಒಂದು ಹಳದಿ ಎಸಳು ಹೊರಗೆ ತೆಗೆದ. ಕುಂಕುಮದಲ್ಲಿ ನೆಂದಿತ್ತು.

"ಸಾರ್, ಇದು ನಿಮ್ಮ ಲಿನಕ್ಸಿನದಾ?"

ಫಿಟ್ಟರು ಹೆಂಡತಿ ಕಡೆ ನೋಡಿದರು. ಅವಳು ಆ ಎಸಳು ಈಸಿಕೊಂಡು ಕಣ್ಣಿಗೊತ್ತಿಕೊಂಡಳು. ಪ್ರಸಾದ ಅಲ್ಲವಾ.

೪. ರಾಹುಕಾಲ

ಇಷ್ಟರಲ್ಲಿ ನಿಜವಾದ ಸಂಕಟ ಬಂತು. ಫಿಟ್ಟರ ಹೆಂಡತಿ ಮದುವೆಗೆ ಮುಂಚೆ ಚೆನ್ನಾಗಿ ಹಾಡ್ತಿದ್ದಳಂತೆ. ಅತ್ತೆ ಬೇಡ ಅಂದರು, ನಿಲ್ಲಿಸಿದಳು. ಮೂವತ್ತೈದು ವರ್ಷ ಒಗ್ಗರಣೆ ಸದ್ದಿನ ಮರೆಯಲ್ಲಿ ಗುನುಗಿಕೊಂಡೇ ಕಳೆದಳು. ನಮ್ಮ ಬಡಾವಣೆ ಭಜನಾ ಮಂಡಳಿಯವರು ಕಂಪ್ಯೂಟರ್ ಮೂಲಕ ಮನೆಯಿಂದಲೇ ಹಾಡೋ ಸ್ಪರ್ಧೆ ಇಟ್ಟಾಗ, ಅವಳಿಗೆ ಗೊತ್ತಿಲ್ಲದ ಹಾಗೆ ಅವಳ ಗುನುಗನ್ನ ಫೋನಲ್ಲಿ ಹಿಡಿದು ಕಳಿಸಿ ನಾನೇ ಹೆಸರು ಕೊಟ್ಟೆ. ಕೊನೇ ಸುತ್ತಿಗೆ ಬಂದುಬಿಟ್ಟಳು! ಭಾನುವಾರ ಸಂಜೆ ಆರೂವರೆಗೆ, ಎಲ್ಲರೆದುರು.

ತಮ್ಮ ಹಟ ಹಿಡಿದ. "ಅಕ್ಕ, ನಮ್ಮನೇಗೆ ಬಾ. ಇವರ ಡಬ್ಬ ನಂಬಿಕೊಂಡ್ರೆ ಮಾನ ಹೋಗುತ್ತೆ."

ಫಿಟ್ಟರು ಎದೆ ತಟ್ಟಿಕೊಂಡು ಹೇಳಿದರು: "ಹಾಡು ಅರ್ಧಕ್ಕೆ ನಿಂತ್ರೆ ಅವತ್ತೇ ಲಿನಕ್ಸ್ ಕಿತ್ತಾಕಿ ನೀನು ಹೇಳಿದ್ದು ಹಾಕಿಸ್ಕೊಳ್ತೀನಿ. ಶನಿವಾರ ದೀಪಾಂಜಲಿ ನಗರಕ್ಕೂ ಕಾಲಿಡಲ್ಲ."

ಭಾನುವಾರ ಅವಳ ತಮ್ಮ ಆ ಮಾಮೂಲಿ ಸಾಫ್ಟ್‌ವೇರನ್ನ ಪೆನ್‌ಡ್ರೈವಲ್ಲಿ ತುಂಬಿಕೊಂಡು, ಜೇಬಲ್ಲಿಟ್ಟುಕೊಂಡೇ ಬಂದ. ಫಿಟ್ಟರು ಯಾವುದಕ್ಕೂ ಇರಲಿ ಅಂತ ನಾಲ್ಕು ಗಂಟೆಗೆ ಅಪ್‌ಡೇಟ್ ಶುರು ಮಾಡಿದರು. ಸಾಮಾನೆಲ್ಲ ಇಳಿದು ನಾಲ್ಕೂವರೆ ದಾಟಿದ ಮೇಲೆ ಕಂಪ್ಯೂಟರ್ ನಿಂತು ಕೇಳಿತು: ಮುಂದುವರಿಸಲಾ? ಹೌದು, ಇಲ್ಲ.

ಫಿಟ್ಟರು ಬೆರಳೆತ್ತಿದರು. ಹೆಂಡತಿ ಆ ಬೆರಳು ಹಿಡಿದುಕೊಂಡಳು. "ರೀ, ಭಾನುವಾರ ನಾಲ್ಕೂವರೆಯಿಂದ ಆರರ ತನಕ ರಾಹುಕಾಲ!"

"ಕೆಲಸ ನಾಲ್ಕಕ್ಕೇ ಶುರುವಾಗಿದೆ ಕಣೇ, ಇದು ಬರೀ ಹೂಂ ಅನ್ನೋದು."

"ಮದುವೇಲೂ ಹೂಂ ಅಂದದ್ದೇ ಅಲ್ವಾ? ಅದಕ್ಕೆ ಮುಹೂರ್ತ ನೋಡ್ಲಿಲ್ವಾ?"

ನ್ಯಾಯ ನನ್ನ ಹತ್ತಿರ ಬಂತು. ಹೌದು ಅಂತ ಒತ್ತಬೇಡಿ, ಇಲ್ಲ ಅಂತ ಒತ್ತಿದರೂ ಅದೂ ಒಂದು ಕೆಲಸವೇ, ಅದನ್ನೂ ಮಾಡಬೇಡಿ ಅಂತ ತೀರ್ಪು ಕೊಟ್ಟೆ. ಎಲ್ಲರೂ ಪರದೆ ನೋಡ್ತಾ ಆರು ಗಂಟೆ ತನಕ ಕೂತೆವು. ಅದೂ ಪಾಪ ಮಿಣುಕ್ತಾ ಕಾಯ್ತು.

ತಮ್ಮನಿಗೆ ತಡೆಯೋಕಾಗಲಿಲ್ಲ. "ನನ್ನ ಕಂಪ್ಯೂಟರ್ ಆಗಿದ್ರೆ ಇಷ್ಟೆಲ್ಲ ಕೇಳ್ತಾನೇ ಇರಲಿಲ್ಲ ಭಾವ. ತಾನೇ ಮಾಡಿ ಮುಗಿಸಿರೋದು."

"ಅದಕ್ಕೇ ಕಣಯ್ಯಾ ಇದನ್ನ ಇಟ್ಟುಕೊಂಡಿರೋದು" ಅಂದರು ಫಿಟ್ಟರು. "ಈ ಮನೇಲಿ ನನ್ನನ್ನ ಕೇಳಿ ಮಾಡೋದು ಇದೊಂದೇ."

೫. ಇಪ್ಪತ್ತಮೂರು ಜನ

ಆರಕ್ಕೆ ಒತ್ತಿದರು, ಆರೂಕಾಲಿಗೆ ಮುಗೀತು. ಆರೂವರೆಗೆ ಫಿಟ್ಟರ ಹೆಂಡತಿ ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು ಕಂಪ್ಯೂಟರ್ ಮುಂದೆ ಕೂತಳು. ಸೆರಗನ್ನ ಮೂರು ಮೂರು ಸಲ ಸರಿಮಾಡಿಕೊಂಡಳು. ಪರದೆಯಲ್ಲಿ ಮಂಡಳಿಯ ಹೆಂಗಸು "ಹಾಡಿ ಅಮ್ಮಾ" ಅಂದಳು.

ಮೊದಲನೇ ಸಾಲು ಎತ್ತಿದಳು ನೋಡಿ, ನನ್ನ ಮೈ ಜುಂ ಅಂತು. ಈ ದನಿ ಒಗ್ಗರಣೆ ಹಿಂದೆ ಇತ್ತಾ ಅನ್ನಿಸಿತು. ಎರಡನೇ ಸಾಲಿಗೆ ಪರದೆ ಗಪ್ಪಂತ ನಿಂತುಹೋಯ್ತು. ಮಂಡಳಿಯವಳು ಕಣ್ಣು ಅರ್ಧ ಮುಚ್ಚಿ, ಬಾಯಿ ಅರ್ಧ ತೆಗೆದು ಹಾಗೇ ಕಲ್ಲಾದಳು. "ಕೇ... ಳ್ತಾ... ಇಲ್ಲ" ಅಂತ ತುಂಡು ತುಂಡು ಸದ್ದು.

ಅವಳ ತಮ್ಮ ಜೇಬಿಗೆ ಕೈ ಹಾಕಿ ಪೆನ್‌ಡ್ರೈವ್ ತೆಗೆದ. "ಮಾತು ಅಂದ್ರೆ ಮಾತು, ಭಾವ."

ಅವಳ ಕಣ್ಣು ತುಂಬಿತು. ಫಿಟ್ಟರು ಬೆವರು ಸುರಿಸ್ತಾ ಏನೇನೋ ಒತ್ತಿ, ನೆಟ್ಟಿನ ಡಬ್ಬದ ಲೆಕ್ಕ ತೆಗೆದು ದಂಗಾದರು. "ಇದೇನೇ ಇದು! ನಮ್ಮ ನೆಟ್ಟಲ್ಲಿ ಇಪ್ಪತ್ತಮೂರು ಫೋನ್ ಕೂತಿದೆ! ಪಾಸ್‌ವರ್ಡ್ ಗೊತ್ತಿರೋದು ನಮ್ಮಿಬ್ಬರಿಗೆ, ವೈರಿನವನಿಗೆ, ಅಷ್ಟೇ ಅಲ್ವಾ?"

"ನೋಡಿದ್ರಾ, ನಿಮ್ಮ ಲಿನಕ್ಸಿಂದಲೇ ಸೋರಿದೆ" ಅಂದ ತಮ್ಮ.

ಫಿಟ್ಟರ ಮುಖ ಇಳಿದುಹೋಯ್ತು. ಪೆನ್‌ಡ್ರೈವಿಗೆ ಕೈ ಚಾಚಿದರು. ಪೆಂಗ್ವಿನ್ ಹಣೆಯ ಮೇಲೆ ಕುಂಕುಮ ಇನ್ನೂ ಹಾಗೇ ಇತ್ತು. ಮೂರನೇ ಸಲ ಸುಮ್ಮನಿರೋಕೆ ನನ್ನಿಂದ ಆಗಲಿಲ್ಲ.

"ಸೋರಿದ್ದು ಅದರಿಂದಲ್ಲ ಕಣ್ರಪ್ಪಾ, ನನ್ನಿಂದ" ಅಂದೆ.

ಪಾಸ್‌ವರ್ಡ್ ಮೊದಲು ಎದುರು ಮನೆಯವಳಿಗೆ ಹೇಳಿದ್ದೆ, ಯಾರಿಗೂ ಹೇಳಬೇಡ ಅಂತ. ಆಮೇಲೆ ಪಕ್ಕದವಳಿಗೆ, ಹೂವಿನವಳಿಗೆ, ಇಸ್ತ್ರಿಯವನಿಗೆ, ಎಲ್ಲರಿಗೂ ಯಾರಿಗೂ ಹೇಳಬೇಡಿ ಅಂತಲೇ ಹೇಳಿದ್ದು. ಅವತ್ತು ಬೆಳಿಗ್ಗೆ ಮನೆ ಮನೆಗೆ ಹೋಗಿ, ನಮ್ಮ ಮೇಲ್ಮನೆಯವಳು ಹಾಡ್ತಾಳೆ, ಎಲ್ಲರೂ ತಪ್ಪದೆ ನೋಡಬೇಕು ಅಂತ ತಾಕೀತು ಬೇರೆ ಮಾಡಿ ಬಂದಿದ್ದೆ. ಇಡೀ ರಸ್ತೆ ಅವಳದೇ ನೆಟ್ಟಲ್ಲಿ ಅವಳನ್ನೇ ನೋಡೋಕೆ ಕೂತು ಅವಳ ಗಂಟಲು ಹಿಸುಕಿತ್ತು.

ಬಾಲ್ಕನಿಗೆ ಓಡಿ ಕೂಗಿದೆ: "ಎಲ್ರೂ ಫೋನ್ ಆಫ್ ಮಾಡ್ರೇ! ನೋಡಬೇಕಾದ್ರೆ ಮೇಲಕ್ಕೆ ಬಂದು ಸಾಯ್ರಿ!"

ಬಂದರು. ಇಸ್ತ್ರಿಯವನು ಸಮೇತ ಇಡೀ ರಸ್ತೆ ಮಹಡಿ ಹತ್ತಿತು. ಕಲ್ಲಾಗಿದ್ದ ಮಂಡಳಿಯವಳು ಕಣ್ಣು ಬಿಟ್ಟಳು, ಇನ್ನೊಂದು ಸಲ ಹಾಡಿ ಅಂದಳು. ಈ ಸಲ ಇವಳು ಸೆರಗಿನ ತಂಟೆಗೂ ಹೋಗಲಿಲ್ಲ. ಕೊನೇ ಸಾಲಿನ ತನಕ ಒಂದು ಕಡೆಯೂ ನಿಲ್ಲಲಿಲ್ಲ, ಇವಳೂ ಅಷ್ಟೇ, ಕಂಪ್ಯೂಟರೂ ಅಷ್ಟೇ. ಅವಳ ತಮ್ಮ ಚಪ್ಪಾಳೆ ಹೊಡೆಯೋಕೆ ಅಂತ ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡ.

ಮುಂದಿನ ಭಾನುವಾರ ದೇವಸ್ಥಾನದ ಹಾಲಲ್ಲಿ ಬಹುಮಾನ. ಹಾಡಿಗೆ ಎರಡನೇ ಬಹುಮಾನ ಬಂತು. ಅದರ ಮೇಲೆ ಇನ್ನೊಂದು ವಿಶೇಷ ಬಹುಮಾನ ಅಂತ ಮೈಕಲ್ಲಿ ಕೂಗಿದರು. ಹಾಡುವಾಗ ಇವರ ಹಿಂದೆ ಇಡೀ ಮನೆಯವರು ತುಂಬಿಕೊಂಡಿದ್ದರಂತೆ, ಇಷ್ಟು ದೊಡ್ಡ ಸಂಸಾರ ಬೆಂಗಳೂರಲ್ಲಿ ಇನ್ನೂ ಉಳಿದಿದೆಯಲ್ಲ ಅಂತ ಮಂಡಳಿಯವರಿಗೆ ಕಣ್ಣೀರೇ ಬಂತಂತೆ. ಅದಕ್ಕೇ "ಆದರ್ಶ ಕೂಡು ಕುಟುಂಬ" ಬಹುಮಾನ! ಮನೆಯ ಹಿರಿಯರು ವೇದಿಕೆಗೆ ಬರಬೇಕು ಅಂದರು. ಎಲ್ಲರೂ ನನ್ನನ್ನೇ ತಳ್ಳಿದರು. ಶಾಲು ನನಗೇ ಹೊದಿಸಿದರು.

ಶಾಲು ಹೊದ್ದು ಬಂದು ಕೂತೆ. ಪಕ್ಕದಲ್ಲಿದ್ದ ಫಿಟ್ಟರು ನನ್ನ ಕಿವಿ ಹತ್ತಿರ ಬಗ್ಗಿ ಹೇಳಿದರು: "ಅಮ್ಮಾ, ಪಾಸ್‌ವರ್ಡ್ ಬದಲಾಯಿಸಿದೀನಿ."

"ಗೊತ್ತು ಕಣಪ್ಪ" ಅಂದೆ. "ಬೆಳಿಗ್ಗೆನೇ ನಿನ್ನ ಹೆಂಡತಿ ಹೇಳಿದ್ಲು, ಯಾರಿಗೂ ಹೇಳಬೇಡಿ ದೊಡ್ಡಮ್ಮ ಅಂತ."