ನಲವತ್ತೆರಡಣ್ಣನ ಸೊಂಟ

ಬೆಳಿಗ್ಗೆ ಒಂಬತ್ತೂವರೆಗೆ, ಹೊಲಿಗೆ ಯಂತ್ರಗಳ ಮುಂದೆ ಕೂತಿದ್ದ ಹದಿನಾಲ್ಕು ಹೆಂಗಸರ ಕಣ್ಣೆದುರಲ್ಲೇ ನಲವತ್ತೆರಡಣ್ಣನ ಪ್ಯಾಂಟು ಜಾರಿತು.

ಪೂರ್ತಿ ಜಾರಲಿಲ್ಲ. ಮಂಡಿಯ ಹತ್ತಿರ ಅವನು ಎರಡೂ ಕೈಯಲ್ಲಿ ಹಿಡಿದುಕೊಂಡ. ಮಿಕ್ಕ ಮಾನವನ್ನು ಉದ್ದನೆಯ ಶರ್ಟು ಕಾಯಿತು. ಆದರೂ ಹದಿನಾಲ್ಕು ಯಂತ್ರಗಳು ಒಟ್ಟಿಗೆ ನಿಂತವು. ಕರೆಂಟು ಹೋದಾಗ ಬಿಟ್ಟರೆ ಅವು ಹಾಗೆ ಒಟ್ಟಿಗೆ ನಿಂತದ್ದೇ ಇಲ್ಲ.

ಅದು ದಪ್ಪ ಗಂಡಸರಿಗೆ ಪ್ಯಾಂಟು ಹೊಲಿಯುವ ಕಾರ್ಖಾನೆ. ಸಾವಿರಗಟ್ಟಲೆ ಹೊಲಿಯುವ ಮುಂಚೆ ಒಂದು ಮಾದರಿ ಹೊಲಿದು, ಜೀವಂತ ಮನುಷ್ಯನಿಗೆ ಹಾಕಿ ನೋಡಬೇಕು. ಮರದ ಗೊಂಬೆ ಬಗ್ಗುವುದಿಲ್ಲ, ಕೂರುವುದಿಲ್ಲ, ಉಸ್ಸಪ್ಪಾ ಎನ್ನುವುದಿಲ್ಲ. ಹಾಗಾಗಿ ಹನ್ನೆರಡು ವರ್ಷದ ಹಿಂದೆ ಮ್ಯಾನೇಜರು ಇಸ್ತ್ರಿ ಮೇಜಿನ ಹತ್ತಿರ ಬೆವರು ಸುರಿಸುತ್ತಿದ್ದ ಇವನ ಸೊಂಟವನ್ನು ಅಳೆದು, ಸರಿಯಾಗಿ ನಲವತ್ತೆರಡು ಇಂಚು ಬಂದದ್ದು ನೋಡಿ, ಅಲ್ಲಿಂದ ಎಬ್ಬಿಸಿ ಫ್ಯಾನಿನ ಕೆಳಗೆ, ಮೆತ್ತೆ ಹಾಕಿದ ಕುರ್ಚಿಯಲ್ಲಿ ಕೂರಿಸಿದ್ದರು. ಹಾಕು, ಕೂರು, ಬಗ್ಗು, ಬಿದ್ದ ಪೆನ್ಸಿಲ್ಲು ಎತ್ತು, 'ಬಿಗಿ' ಅಥವಾ 'ಸರಿ' ಅನ್ನು. ಇಷ್ಟೇ ಕೆಲಸ. ಅಪ್ಪ ಅಮ್ಮ ಇಟ್ಟ ಹೆಸರು ಎಲ್ಲರಿಗೂ ಮರೆತುಹೋಗಿ, ಅವನು ನಲವತ್ತೆರಡಣ್ಣನಾಗಿ ಉಳಿದ.

ತೊಂದರೆ ಶುರುವಾದದ್ದು ಮಂಡಿಯಿಂದ. ಮೂರು ತಿಂಗಳ ಹಿಂದೆ ಮೆಟ್ಟಿಲು ಹತ್ತುವಾಗಲೆಲ್ಲ ಎರಡೂ ಮಂಡಿಗಳು ಎಣ್ಣೆ ಕಾಣದ ಬಾಗಿಲಿನ ಹಾಗೆ ಕಿರುಗುಟ್ಟತೊಡಗಿದವು. ಡಾಕ್ಟರು ಒತ್ತಿ ನೋಡಿ, "ಮಂಡಿ ಚೆನ್ನಾಗೇ ಇದೆ. ಅದು ಹೊತ್ಕೊಂಡಿರೋ ಸಾಮಾನೇ ಜಾಸ್ತಿ. ದಿನಾ ಮುಕ್ಕಾಲು ಗಂಟೆ ನಡೀರಿ, ಚಿಕ್ಕ ತಟ್ಟೇಲಿ ಉಣ್ಣಿ, ನಿಧಾನಕ್ಕೆ ಅಗಿದು ತಿನ್ನಿ. ಉಪವಾಸಗಿಪವಾಸ ಬೇಡ," ಎಂದರು.

ಹೆಂಡತಿ ಈ ಮಾತನ್ನು ಕೋರ್ಟಿನ ಆಜ್ಞೆಯಂತೆ ಜಾರಿಗೆ ತಂದಳು. ಅವನ ದೊಡ್ಡ ತಟ್ಟೆ ಅಟ್ಟ ಸೇರಿತು. ಮಗಳು ಚಿಕ್ಕವಳಿದ್ದಾಗ ಉಣ್ಣುತ್ತಿದ್ದ, ನಡುವೆ ಬಾತುಕೋಳಿಯ ಚಿತ್ರವಿದ್ದ ತಟ್ಟೆ ಅವನ ಮುಂದೆ ಬಂತು. ಮೊದಲ ವಾರ ಅವನು ಬಾತುಕೋಳಿಯನ್ನೇ ತಿನ್ನುವವನಂತೆ ನೋಡುತ್ತಿದ್ದ. ಆಮೇಲೆ ರೂಢಿಯಾಯಿತು. ದಿನಾ ನಡೆದ. ಮಂಡಿಗಳು ಬಾಯಿ ಮುಚ್ಚಿದವು. ನಿನ್ನೆಯಷ್ಟೇ ಸಿಳ್ಳೆ ಹಾಕಿಕೊಂಡು ಮೂರು ಮಹಡಿ ಹತ್ತಿದ್ದ.

ಇವತ್ತು ಈ ಗತಿ.

"ಅಯ್ಯೋ ಅಣ್ಣಾ, ಏನಾಯ್ತು ನಿಂಗೆ?" ಕಟಿಂಗ್ ಮಾಸ್ತರ ಓಡಿ ಬಂದು, ಪ್ಯಾಂಟಿನ ಪಟ್ಟಿಯನ್ನು ಸೊಂಟದಿಂದ ಎಳೆದು ಅಳತೆ ನೋಡಿದ. "ಎರಡಿಂಚು ಸಡಿಲ! ನಲವತ್ತೆರಡರಲ್ಲಿ ಎರಡು ಹೋದ್ರೆ... ಸಾರ್, ಅಣ್ಣ ನಲವತ್ತಾಗ್ಬಿಟ್ಟ!"

ಮ್ಯಾನೇಜರು ತಲೆಯ ಮೇಲೆ ಕೈ ಹೊತ್ತರು. "ಏನಯ್ಯಾ ಇದು? ನಾಲ್ಕು ಗಂಟೆಗೆ ಬಯರ್ ಮೇಡಂ ಬರ್ತಿದ್ದಾರೆ. ಆರು ಸಾವಿರ ಪ್ಯಾಂಟಿನ ಆರ್ಡರು. ಅವರ ಮುಂದೆ ಹಿಂಗೇ ಜಾರಿಸ್ತೀಯೇನು?"

"ಮಂಡಿ ನೋವಿತ್ತು ಸಾರ್, ಅದಕ್ಕೆ ಸ್ವಲ್ಪ ನಡೆದೆ..."

"ನಡೆಯೋದಂತೆ! ನಿಂಗೆ ಸಂಬಳ ಕೊಡೋದು ಕೂರೋಕೆ. ಸಂಜೆಯೊಳಗೆ ಈ ಪ್ಯಾಂಟು ಸೊಂಟದ ಮೇಲೆ ನಿಲ್ಲಲಿಲ್ಲ ಅಂದ್ರೆ, ನಾಳೆಯಿಂದ ನೀನು ಇಸ್ತ್ರಿ ಮೇಜಿಗೆ."

ಮೂಲೆಯಲ್ಲಿ ಹಬೆಯ ಇಸ್ತ್ರಿ ಪೆಟ್ಟಿಗೆ ಬುಸ್ಸೆಂದಿತು. ನಲವತ್ತೆರಡಣ್ಣ ಪ್ಯಾಂಟು ಹಿಡಿದ ಕೈಯೊಂದನ್ನು ಬಿಡಿಸಿ ಮೆತ್ತೆಯ ಕುರ್ಚಿ ಹಿಡಿದುಕೊಂಡ. ದಿನಕ್ಕೆ ಎಂಟು ಗಂಟೆ, ನಿಂತೇ!

ಗುಂಡಿ ಹೊಲಿಯುವ ಹುಡುಗಿ ಮೆಲ್ಲಗೆ ಎದ್ದಳು. ವರ್ಷಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. "ಒಂದ್ಸಲ ಅಣ್ಣಂಗೇ ಟೇಪು ಹಿಡಿದು ನೋಡೋಣ್ವಾ?"

ಎಲ್ಲರೂ ಗೊಳ್ಳೆಂದು ನಕ್ಕರು. "ಅಣ್ಣಂಗೆ ಟೇಪಾ?" ಎಂದ ಕಟಿಂಗ್ ಮಾಸ್ತರ. "ಟೇಪು ಸರಿ ಇದೆಯೋ ಇಲ್ವೋ ಅಂತ ಅಣ್ಣನ ಸೊಂಟಕ್ಕೆ ಹಿಡಿದು ನೋಡೋರು ನಾವು!"

ನಿಜ. ಹನ್ನೆರಡು ವರ್ಷದಿಂದ ಯಾರೂ ಅವನನ್ನು ಅಳೆದಿರಲಿಲ್ಲ.

ಹುಡುಗಿ ಕೂರಲಿಲ್ಲ. ಸಂಜೆಯೊಳಗೆ ಅಣ್ಣನಿಗೆ ಏನೇನು ತಿನ್ನಿಸಿ ಮತ್ತೆ ದಪ್ಪ ಮಾಡುವುದೆಂದು ಎಲ್ಲರೂ ಗಲಾಟೆ ಮಾಡುತ್ತಿದ್ದಾಗ ಹಿಂದಿನಿಂದ ಬಂದು ಅವನ ಸೊಂಟಕ್ಕೆ ಟೇಪು ಸುತ್ತಿದಳು. ಅಂಕಿ ನೋಡಿ ಬಾಯಿ ತೆರೆದಳು. ಅಷ್ಟರಲ್ಲಿ ಕ್ಯಾಂಟೀನಮ್ಮ ಬುಟ್ಟಿ ಹೊತ್ತು ನುಗ್ಗಿದಳು. ಹುಡುಗಿ ಬಾಯಿ ಮುಚ್ಚಿ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಮೇಜಿನ ಅಂಚಿಗೆ ಏನೋ ಬರೆದಿಟ್ಟಳು.

"ಮೂರು ತಿಂಗಳಿಂದ ನನ್ನ ಬನ್ನು ಕಂಡ್ರೆ ಮುಖ ತಿರುಗಿಸ್ತಿದ್ರಲ್ಲ! ಈಗ ಬಾಯಿ ತೆಗೀರಿ," ಎಂದಳು ಕ್ಯಾಂಟೀನಮ್ಮ.

ಬಾಯಿ ತೆಗೆದ. ಮೊದಲ ಎರಡು ಬನ್ನು ಅವನನ್ನು ಸ್ವರ್ಗಕ್ಕೆ ಏರಿಸಿದವು. ಮೂರನೆಯದು ಭೂಮಿಗೆ ಇಳಿಸಿತು. ಆರನೆಯದರ ಹೊತ್ತಿಗೆ ಕಣ್ಣಲ್ಲಿ ನೀರು. ಅದರ ಬೆನ್ನಿಗೆ ಐದು ಬೇಯಿಸಿದ ಮೊಟ್ಟೆ, ಪ್ಯಾಕಿಂಗ್ ವಿಭಾಗದವರ ಲೆಕ್ಕದಲ್ಲಿ ಒಂದು ಚಿಪ್ಪು ಬಾಳೆಹಣ್ಣು, ಯಾರದೋ ಡಬ್ಬಿಯ ಅನ್ನ, ಇನ್ಯಾರದೋ ಡಬ್ಬಿಯ ಅನ್ನ.

"ಅಗೀಬೇಡ ಅಣ್ಣ, ಅಗಿದ್ರೆ ಕರಗತ್ತೆ. ಹಾಗೇ ನುಂಗು."

"ಮೇಲೆ ಒಂದು ಚೊಂಬು ನೀರು ಕುಡಿ, ಬನ್ನು ಉಬ್ಬತ್ತೆ."

"ಅವನನ್ನ ನಗಿಸ್ಬೇಡ್ರೇ, ನಕ್ಕರೂ ಕೊಬ್ಬು ಕರಗತ್ತಂತೆ!"

ಇಷ್ಟು ನೀರು ಕುಡಿದವನು ಶೌಚಾಲಯಕ್ಕೆ ಹೋಗದೆ ಇರಲಾಗುತ್ತದೆಯೆ? ಎದ್ದು ನಾಲ್ಕು ಹೆಜ್ಜೆ ಇಟ್ಟದ್ದೇ ತಡ, ಮ್ಯಾನೇಜರು ಕಿರುಚಿದರು: "ನಡೀಬೇಡಾ! ಈಗ ತಾನೇ ತಿಂದದ್ದೆಲ್ಲ ಹಾಳಾಗತ್ತೆ!" ಕೂಡಲೇ ಬಟ್ಟೆಯ ಥಾನು ಸಾಗಿಸುವ ತಳ್ಳುಗಾಡಿ ಬಂತು. ಇಬ್ಬರು ಹಿಡಿದು ಕೂರಿಸಿದರು, ಕಟಿಂಗ್ ಮಾಸ್ತರ ತಳ್ಳಿದ. ಸಾಲು ಸಾಲು ಯಂತ್ರಗಳ ನಡುವೆ ನಲವತ್ತೆರಡಣ್ಣ, ಕೈಯಲ್ಲೊಂದು ಬಾಳೆಹಣ್ಣು ಹಿಡಿದು, ಮೆರವಣಿಗೆ ಹೊರಟ ಮಹಾರಾಜನಂತೆ ಶೌಚಾಲಯಕ್ಕೆ ಹೋಗಿ ಬಂದ.

ಅರ್ಧ ಗಂಟೆಗೊಮ್ಮೆ ಪ್ಯಾಂಟು ಹಾಕಿಸಿ ನೋಡಿದರು. ಹನ್ನೆರಡಕ್ಕೆ ಮೂರು ಬೆರಳು ಸಡಿಲ. ಎರಡಕ್ಕೆ ಒಂದು ಬೆರಳು. ಮೂರೂವರೆಗೆ ಹದಿನೊಂದನೆಯ ಬನ್ನು ಒಳಗೆ ಇಳಿದಾಗ ಗುಂಡಿ ಟಕ್ಕೆಂದು ಕೂತಿತು. ಹದಿನಾಲ್ಕು ಜನ ಚಪ್ಪಾಳೆ ತಟ್ಟಿದರು.

"ಉಸಿರಾಡೋಕೆ ಆಗ್ತಿಲ್ಲ," ಎಂದ ನಲವತ್ತೆರಡಣ್ಣ.

"ಮೇಡಂ ಹೋದ್ಮೇಲೆ ಆಡು," ಎಂದರು ಮ್ಯಾನೇಜರು.

ಬಯರ್ ಮೇಡಂ ಬಂದರು. ಕೊರಳಲ್ಲಿ ಟೇಪು, ಮುಖದಲ್ಲಿ ನಗುವಿಲ್ಲ. ನಲವತ್ತೆರಡಣ್ಣನತ್ತ ತಿರುಗಿಯೂ ನೋಡದೆ, "ಪ್ಯಾಂಟು ಬಿಚ್ಚಿ ಕೊಡಿ," ಎಂದರು. ಅವನು ಪರದೆಯ ಹಿಂದೆ ಹೋಗಿ ಬದಲಿಸಿ ತಂದುಕೊಟ್ಟ. ಮೇಡಂ ಅದನ್ನು ಮೇಜಿನ ಮೇಲೆ ಹರಡಿ ಟೇಪು ಹಿಡಿದರು.

"ನಲವತ್ನಾಲ್ಕು," ಎಂದರು. "ಅಂದ್ಕೊಂಡೆ. ನಿಮ್ಮ ನಲವತ್ತೆರಡರ ಪ್ಯಾಂಟು ಸೊಂಟದ ಮೇಲೆ ನಿಲ್ಲಲ್ಲ ಅಂತ ಮೂರು ಅಂಗಡಿಯವರು ದೂರು ಕೊಟ್ಟಿದ್ದಾರೆ. ಅದಕ್ಕೇ ನಾನೇ ಬಂದೆ."

ಎಲ್ಲರೂ ಕಟಿಂಗ್ ಮಾಸ್ತರನ ಕಡೆ ತಿರುಗಿದರು. ಅವನು ನಲವತ್ತೆರಡಣ್ಣನ ಕಿವಿಯಲ್ಲಿ ಉಸುರಿದ: "ನೀನು ಬಿಗಿ ಬಿಗಿ ಅಂತಿದ್ಯಲ್ಲಣ್ಣ... ವರ್ಷಕ್ಕೆ ಒಂದು ನೂಲು, ಎರಡು ನೂಲು ಸೊಂಟದಲ್ಲಿ ನಾನೇ ಸಡಿಲ ಬಿಟ್ಕೊಂಡು ಬಂದೆ. ನೀನು ದಪ್ಪ ಆಗ್ತಿದ್ದೀಯ ಅಂತ ನಂಗೇನು ಗೊತ್ತು?"

ನಲವತ್ತೆರಡಣ್ಣನಿಗೆ ಅರ್ಥವಾಗುವಷ್ಟರಲ್ಲಿ ಮೇಡಂ ಅವನ ಸೊಂಟಕ್ಕೇ ಟೇಪು ಸುತ್ತಿದ್ದರು. "ಇದೂ ನಲವತ್ನಾಲ್ಕು. ಇವರನ್ನ ಇಟ್ಕೊಂಡಾ ನೀವು ನಲವತ್ತೆರಡು ನೋಡ್ತಿರೋದು?"

"ಬೆಳಿಗ್ಗೆ ನಲವತ್ತೆರಡೇ ಇದ್ರು ಮೇಡಂ!"

ಗುಂಡಿಯ ಹುಡುಗಿ! ಮೇಜಿನ ಅಂಚು ತೋರಿಸುತ್ತಿದ್ದಳು. ಅಲ್ಲಿ ಸೀಮೆಸುಣ್ಣದಲ್ಲಿ ದುಂಡಗೆ ಬರೆದಿತ್ತು: ಅಣ್ಣ, ಒಂಬತ್ತೂಮುಕ್ಕಾಲು, ೪೨.

ಹನ್ನೆರಡು ವರ್ಷದ ಮೇಲೆ, ಅದೂ ಇವತ್ತು ಬೆಳಿಗ್ಗೆಯೇ, ಒಂದು ಕೂದಲೆಳೆ ಹೆಚ್ಚಿಲ್ಲ ಕಡಿಮೆಯಿಲ್ಲ, ಅವನು ನಿಜವಾದ ನಲವತ್ತೆರಡಾಗಿದ್ದ.

ಮೇಡಂ ಒಂದು ಸಲ ಸೀಮೆಸುಣ್ಣದ ಅಕ್ಷರ ನೋಡಿದರು, ಒಂದು ಸಲ ಹೊಟ್ಟೆ ನೋಡಿದರು. "ಬೆಳಿಗ್ಗೆ ನಲವತ್ತೆರಡು, ಸಂಜೆ ನಲವತ್ನಾಲ್ಕು ತೋರಿಸೋ ಟೇಪು ನಂಗೆ ಬೇಡ," ಎಂದು, ಪಕ್ಕದಲ್ಲಿ ಸಿಕ್ಕ ಕಟಿಂಗ್ ಮಾಸ್ತರನ ಸೊಂಟಕ್ಕೇ ಟೇಪು ಸುತ್ತಿದರು. "ಇಲ್ಲೇ ಇದ್ದಾರಲ್ಲ ನಲವತ್ತೆರಡು! ಇನ್ಮೇಲೆ ಇವರಿಗೇ ಹಾಕಿ ನೋಡಿ."

ಐದು ಗಂಟೆಗೆ ಮೆತ್ತೆಯ ಕುರ್ಚಿ ಕಟಿಂಗ್ ಮೇಜಿನ ಪಕ್ಕಕ್ಕೆ ಹೋಯಿತು. "ಬೇಜಾರು ಮಾಡ್ಕೋಬೇಡಣ್ಣ," ಎಂದ ಮಾಸ್ತರ, ಆಗಲೇ ಅದರಲ್ಲಿ ಕೂತು, ಉಳಿದಿದ್ದ ಬನ್ನೊಂದನ್ನು ಮುರಿಯುತ್ತ. ಮ್ಯಾನೇಜರು ಇಸ್ತ್ರಿ ಮೇಜಿನ ಕಡೆ ಕೈ ತೋರಿಸಿ, "ಅಲ್ಲಿ ನಿಂತ್ರೆ ಒಂದು ತಿಂಗಳಲ್ಲಿ ತಾನಾಗೇ ಕರಗ್ತೀಯ ಬಿಡು," ಎಂದು ಸಮಾಧಾನ ಹೇಳಿದರು.

ನಲವತ್ತೆರಡಣ್ಣ ಮನೆ ಸೇರಿದಾಗ ಮಂಡಿಗಳು ಮತ್ತೆ ಕಿರುಗುಟ್ಟುತ್ತಿದ್ದವು. ಹೆಂಡತಿ ಬಾಗಿಲಲ್ಲೇ ಅವನ ಬಾಡಿದ ಮುಖ ನೋಡಿ ಕರಗಿಹೋದಳು.

"ಅಯ್ಯೋ, ಎಷ್ಟು ಸೊರಗಿದ್ದೀರ ರೀ! ಮೂರು ತಿಂಗಳು ನಿಯತ್ತಾಗಿ ಪಥ್ಯ ಮಾಡಿದ್ರಿ, ಪಾಪ. ಇವತ್ತೊಂದಿನ ಹೊಟ್ಟೆ ತುಂಬ ಉಣ್ಣಿ. ಬೇಡ ಅಂದ್ರೆ ಹೊರಗಡೆ ಎಲ್ಲೋ ಮೇದು ಬಂದಿದ್ದೀರ ಅಂತಾನೇ ಲೆಕ್ಕ!"

ಅಟ್ಟದಿಂದ ಇಳಿದ ದೊಡ್ಡ ತಟ್ಟೆ ಥಳಥಳ ಹೊಳೆಯುತ್ತ ಕೂತಿತ್ತು. ಅದರ ಮೇಲೆ ಅನ್ನ ಗೋಪುರವಾಗಿ ಎದ್ದಿತ್ತು. ನಲವತ್ತೆರಡಣ್ಣ ಒಮ್ಮೆ ಬಾತುಕೋಳಿಯ ತಟ್ಟೆಗಾಗಿ ಸುತ್ತ ಹುಡುಕಿದ. ಎಲ್ಲೂ ಕಾಣಲಿಲ್ಲ. ಉಸ್ಸಪ್ಪಾ ಎಂದು ಪ್ಯಾಂಟಿನ ಗುಂಡಿ ಬಿಚ್ಚಿ, ತಟ್ಟೆಯ ಮುಂದೆ ಕೂತು, ಬಾಯಿ ತೆರೆದ.